ಬ್ರೆಜಿಲ್ ಮತ್ತು ಬೀಜದ ಸೊನೆ

ಮಟ್ಟುವಿನ ಕಡಲ ಕರೆಗೆ ಈಗ ಕಾರುಗಳು ಬರುತ್ತವೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸಪೂರ ರಸ್ತೆ. ಬಂದವರು ಫೋಟೋ ತೆಗೆದು, ಗುಳ್ಳದ ಗದ್ದೆ ಎಲ್ಲುಂಟು ಅಂತ ಕೇಳಿ ಹೋಗುತ್ತಾರೆ. 2011ರಲ್ಲಿ ನಮ್ಮ ಬದನೆಗೆ ಜಿ.ಐ. ಗುರುತು ಸಿಕ್ಕಿದ ಮೇಲೆ ಕೇಳುವವರು ಹೆಚ್ಚಾಗಿದ್ದಾರೆ.

ಹೀಗೆ ಬಂದವರಿಗೆ ಕೊಡಲಿಕ್ಕೆ ಒಂದು ಪುಟದ ‘ಊರ ಪರಿಚಯ’ ಬೇಕು ಅಂತ ಇಲ್ಲಿ ಕೋಣೆ ಬಾಡಿಗೆಗೆ ಕೊಡುವ ಒಬ್ಬರು ನನ್ನನ್ನು ಕರೆದರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು, ಕವಿತೆ ಬೇರೆ ಬರೆಯುತ್ತೇನೆ. ಐನೂರು ರೂಪಾಯಿ ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿಕೆ ಆಯಿತು. ಕವಿತೆಯಲ್ಲಿ ಊರನ್ನು ಬೈದು ಗೊತ್ತು, ಪರಿಚಯ ಮಾಡಿಕೊಟ್ಟು ಗೊತ್ತಿಲ್ಲ. ಮಾದರಿಗೆ ಇರಲಿ ಅಂತ ಮಣಿಪಾಲದ ಹಳೇ ಪುಸ್ತಕದ ರಾಶಿಯಿಂದ ಒಂದು ಪ್ರವಾಸ ಕೈಪಿಡಿ ಆರಿಸಿ ತಂದೆ. ಅದು ಬ್ರೆಜಿಲಿನದು.

ಆ ದೇಶಕ್ಕೆ ಐದು ಭಾಗ. ಉತ್ತರದಲ್ಲಿ ಅಮೆಜಾನ್ ಕಾಡು. ಈಶಾನ್ಯದಲ್ಲಿ ಕಡಲ ಕರೆ, ಅದರ ಹಿಂದೆ ಬರದ ಒಣನೆಲ. ಆಗ್ನೇಯದಲ್ಲಿ ರಿಯೊ, ಸಾವ್ ಪಾವ್ಲೊ. ದಕ್ಷಿಣದಲ್ಲಿ ಇಗುವಾಸು ಜಲಪಾತ. ನಡುಪಶ್ಚಿಮದಲ್ಲಿ 1960ರಲ್ಲಿ ಉದ್ಘಾಟನೆಯಾದ ರಾಜಧಾನಿ ಬ್ರೆಸೀಲಿಯಾ. ಪುಟಪುಟಕ್ಕೂ ಕುಣಿತ, ಫುಟ್ಬಾಲು, ಕಡಲು. ಈಶಾನ್ಯದ ರಿಯೊ ಗ್ರಾಂಡೆ ದೊ ನಾರ್ತೆ ಎಂಬ ರಾಜ್ಯದ ಒಂದು ಚಿತ್ರದ ಹತ್ತಿರ ನಾನು ನಿಂತುಬಿಟ್ಟೆ. ಪಿರಾಂಜಿ ಎಂಬಲ್ಲಿ ಒಂದು ಗೇರುಮರ. ಕೊಂಬೆ ನೆಲಕ್ಕೆ ಬಾಗಿ, ಬೇರು ಬಿಟ್ಟು, ಮತ್ತೆ ಎದ್ದು, ಒಂದೇ ಮರ ಎಂಟು ಸಾವಿರ ಚದರ ಮೀಟರಿಗೂ ಮಿಕ್ಕಿ ಹಬ್ಬಿದೆ.

ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಬೀಜದ ಕಾರ್ಖಾನೆಯಿಂದ ಬಂದು ಕೈಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಳು. ಗೇರುಬೀಜದ ಸಿಪ್ಪೆಯಲ್ಲಿರುವ ಸೊನೆ ಮುಟ್ಟಿದರೆ ಚರ್ಮ ಸುಡುತ್ತದೆ, ಕಪ್ಪಾಗುತ್ತದೆ, ಸುಲಿಯುತ್ತದೆ. ಇಪ್ಪತ್ತು ವರ್ಷದಿಂದ ಅಮ್ಮನ ಬೆರಳಿನ ತುದಿಯಲ್ಲಿ ಗೆರೆಗಳಿಲ್ಲ. ರೇಷನ್ ಅಂಗಡಿಯ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಿದರೆ ಅದು ಅಮ್ಮನನ್ನು ಅಮ್ಮ ಅಂತ ಒಪ್ಪುವುದಿಲ್ಲ.

“ದಾನೆ ಮಗಾ, ನಮ್ಮ ಬೀಜದ ಮರವಾ?” ಅಂದಳು.

ನಮ್ಮದಲ್ಲ ಅಮ್ಮ, ಅವರದ್ದೇ ನಮ್ಮಲ್ಲಿಗೆ ಬಂದದ್ದು ಅಂದೆ. ಅಲ್ಲಿಯ ಮೂಲನಿವಾಸಿ ತುಪಿ ಜನರ ‘ಅಕಾಜು’ ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಆಯಿತು, ಕೊಂಕಣಿಯವರ ಬಾಯಲ್ಲೂ ಕಾಜುವೇ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಈ ಕರಾವಳಿಗೆ ತಂದರು. ಬ್ರೆಜಿಲನ್ನು ‘ಕಂಡುಹಿಡಿದ’ ಅಂತ ಶಾಲೆಯಲ್ಲಿ ಓದುತ್ತೇವಲ್ಲ ಕಬ್ರಾಲ್, ಅವನು ಅಲ್ಲಿ ದಡ ಸೇರಿದ್ದು 1500ರ ಏಪ್ರಿಲ್ 22ಕ್ಕೆ. ಅದೇ ಯಾನದಲ್ಲಿ ಆಗಸ್ಟ್ ತಿಂಗಳಿಗೆ ನಮ್ಮ ಕಾರವಾರದ ಅಂಜದೀವಿಗೆ ಬಂದು ಹಡಗು ರಿಪೇರಿ ಮಾಡಿಸಿಕೊಂಡು ಕಲ್ಲಿಕೋಟೆಗೆ ಹೋದ. ಅಲ್ಲಿ ಜನ ಇದ್ದರು, ಇಲ್ಲೂ ಜನ ಇದ್ದರು. ಕಂಡುಹಿಡಿಯುವುದೆಂದರೆ ಎಂತದು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಅಮ್ಮನಿಗೆ ಕಬ್ರಾಲ್ ಬೇಕಿರಲಿಲ್ಲ. “ಅಲ್ಲಿ ಬೀಜ ಸುಲಿಯುವವರು ಯಾರು?” ಅಂದಳು.

ಕೈಪಿಡಿಯಲ್ಲಿ ಮರವಿತ್ತು, ಟಿಕೆಟಿನ ಬೆಲೆಯಿತ್ತು. ಸುಲಿಯುವವರು ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಎರಡು ತಿಂಗಳು ಲೈಬ್ರರಿ, ಸ್ನೇಹಿತರು, ಮೇಷ್ಟ್ರು ಅಂತ ಅಲೆದೆ. ಸಿಕ್ಕಿದ್ದನ್ನು ನಿಮಗೂ ಹೇಳಬೇಕು ಗೆಳೆಯರೇ.

ಕಬ್ಬಿನ ತೋಟಕ್ಕೆ, ಗಣಿಗೆ, ಕಾಫಿ ತೋಟಕ್ಕೆ ಅಂತ ಆಫ್ರಿಕಾದಿಂದ ಆ ದೇಶಕ್ಕೆ ಸಾಗಿಸಿದ ಜನ ಸುಮಾರು 48 ಲಕ್ಷ. ಗುಲಾಮಗಿರಿ ರದ್ದಾದದ್ದು 1888ರ ಮೇ 13ಕ್ಕೆ, ಅಮೆರಿಕ ಖಂಡದಲ್ಲೇ ಎಲ್ಲರಿಗಿಂತ ಕೊನೆಗೆ. ಕಾನೂನು ಎರಡೇ ಸಾಲು. ಬಿಡುಗಡೆ ಕೊಟ್ಟರು, ಭೂಮಿ ಕೊಡಲಿಲ್ಲ. ಆದರೆ ಬಿಡುಗಡೆಗೆ ಕಾಯದವರೂ ಇದ್ದರು. ಓಡಿಹೋದ ಗುಲಾಮರು ಹದಿನೇಳನೇ ಶತಮಾನದಲ್ಲಿ ಪಲ್ಮಾರೆಸ್ ಎಂಬ ಬೆಟ್ಟದ ನಾಡಿನಲ್ಲಿ ತಮ್ಮದೇ ಊರು ಕಟ್ಟಿ ದಶಕಗಳ ಕಾಲ ಸೈನ್ಯಕ್ಕೆ ಎದುರು ನಿಂತರು. ನಾಯಕ ಜುಂಬಿಯನ್ನು 1695ರ ನವೆಂಬರ್ 20ರಂದು ಕೊಂದು ತಲೆಯನ್ನು ರೆಸಿಫೆಯಲ್ಲಿ ಪ್ರದರ್ಶನಕ್ಕಿಟ್ಟರು. ಆ ದಿನ ಈಗ ಕರಿಯರ ಪ್ರಜ್ಞೆಯ ದಿನ. 2024ರಿಂದ ಇಡೀ ದೇಶಕ್ಕೆ ರಜೆ.

ಇನ್ನೊಂದು ಸಂಗತಿ ಓದಿದಾಗ ಅಪ್ಪ ನೆನಪಾದರು. ಬಾಹಿಯಾದ ಕರಿಯರಿಗೆ ಕಾಂದೊಂಬ್ಲೆ ಎಂಬ ಧರ್ಮ ಉಂಟು. ಡೋಲು ಬಾರಿಸುತ್ತಾರೆ, ಆಫ್ರಿಕಾದಿಂದ ಜೊತೆಗೆ ಬಂದ ಒರಿಷಾ ದೈವಗಳು ಮೈಮೇಲೆ ಬರುತ್ತವೆ. ಆ ಪೂಜೆ ಮಾಡಲು 1976ರವರೆಗೂ ಪೊಲೀಸರ ಪರವಾನಗಿ ಬೇಕಿತ್ತಂತೆ. ನಮ್ಮಪ್ಪ ಕೋಲ ಕಟ್ಟುವವರು. ಇಲ್ಲಿ ಪೊಲೀಸರು ತಡೆಯುವುದಿಲ್ಲ. ರಾತ್ರಿ ಗಗ್ಗರ ಕಟ್ಟಿ ಅಣಿ ಏರಿಸಿದ ಮೇಲೆ ಗುತ್ತಿನವರೂ ಅಪ್ಪನ ಮುಂದೆ ಕೈ ಮುಗಿದು ನಿಲ್ಲುತ್ತಾರೆ, ಅಪ್ಪ ಗದರಿಸಿ ನುಡಿ ಕೊಡುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಅದೇ ಅಪ್ಪ ಅದೇ ಅಂಗಳದ ತುದಿಯಲ್ಲಿ ಕೂಲಿಗೆ ಕಾಯುತ್ತಾರೆ. ಬಾಹಿಯಾದ ದೈವ ಕರಿಯರದ್ದೇ, ಅದನ್ನು ಹೊತ್ತವರೂ ಅವರೇ. ನಮ್ಮದು ಹಾಗಲ್ಲ ಮಾರಾಯ್ರೆ, ದೈವ ಗುತ್ತಿನದು, ಮೈ ಮಾತ್ರ ನಮ್ಮದು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಆ ದೊಡ್ಡ ಗೇರುಮರದ ರಾಜ್ಯದಲ್ಲೇ ಆಂಜಿಕೋಸ್ ಎಂಬ ಸಣ್ಣ ಊರಿದೆ. 1963ರಲ್ಲಿ ಪಾವ್ಲೊ ಫ್ರೇರೆ ಮತ್ತು ಅವನ ಜೊತೆಯ ವಿದ್ಯಾರ್ಥಿಗಳು ಅಲ್ಲಿ ಸುಮಾರು 300 ಕೂಲಿಗಳಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟರು. ಅವರು ಶುರು ಮಾಡಿದ್ದು ಅ ಆ ಇ ಈಯಿಂದ ಅಲ್ಲ, ಆ ಜನ ದಿನಾ ಮುಟ್ಟುವ ವಸ್ತುಗಳ ಹೆಸರಿನಿಂದ. ಇಟ್ಟಿಗೆ ಎಂಬ ಶಬ್ದವನ್ನು ಒಡೆದರೆ ಅಕ್ಷರವೂ ಬರುತ್ತದೆ, ಇಟ್ಟಿಗೆ ಹೊತ್ತವನಿಗೆ ಮನೆ ಯಾಕಿಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಓದಲು ಬಾರದವರಿಗೆ ಆಗ ಅಲ್ಲಿ ಓಟಿರಲಿಲ್ಲ. ಹಾಗಾಗಿ ಅಕ್ಷರ ಎಂದರೆ ಓಟು. 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆಯನ್ನು ಜೈಲಿಗೆ ಹಾಕಿದರು, ಆಮೇಲೆ ದೇಶ ಬಿಡಬೇಕಾಯಿತು.

ಸಾವ್ ಪಾವ್ಲೊದ ಕೊಳೆಗೇರಿಯಲ್ಲಿ ಚಿಂದಿ ಕಾಗದ ಆಯುತ್ತಿದ್ದ ಕರೊಲಿನಾ ಮರಿಯಾ ದೆ ಜೆಸೂಸ್ ಎಂಬ ಕರಿಯ ಹೆಂಗಸು ಶಾಲೆಗೆ ಹೋದದ್ದು ಎರಡೇ ವರ್ಷ. ಆಯ್ದ ಕಾಗದದಲ್ಲೇ ತನ್ನ ಹಸಿವಿನ ದಿನಚರಿ ಬರೆದಳು. 1960ರಲ್ಲಿ ಅದು ಪುಸ್ತಕವಾಯಿತು. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಓದಿದ್ದು ಮೂರನೇ ಕ್ಲಾಸು. “ನನಗಿಂತ ಒಂದು ಕಮ್ಮಿ” ಅಂತ ನಕ್ಕಳು.

ಇಷ್ಟು ಓದಿದ ಮೇಲೆ ‘ಊರ ಪರಿಚಯ’ ಬರೆದೆ. ಕಡಲು, ಹೊಳೆ, ವಾದಿರಾಜರು ಬೀಜ ಕೊಟ್ಟರೆಂಬ ಗುಳ್ಳದ ಕತೆ ಎಲ್ಲ ಬರೆದೆ. ಕೋಲದ ಬಗ್ಗೆ ಬರೆದಲ್ಲಿ ಕೋಲ ಕಟ್ಟುವವರಿಗೆ ಮರುದಿನ ಏನಾಗುತ್ತದೆ ಅಂತಲೂ ಬರೆದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾನೂನೇ ಮಾಡಬೇಕಾದ ನಾಡು ಇದು ಅಂತ ಒಂದು ಸಾಲು ಸೇರಿಸಿದೆ.

ಕೋಣೆಯವರು ಓದಿದರು. ಒಳ್ಳೆಯ ಮನುಷ್ಯರೇ, ಚಾ ಕೊಟ್ಟರು. ಗಾಜಿನ ಲೋಟದಲ್ಲಿ ಕೊಟ್ಟರು, ಅವರದ್ದೂ ಗಾಜಿನ ಲೋಟವೇ, ನೋಡಿಕೊಂಡೆ. “ಬರವಣಿಗೆ ಚಂದ ಉಂಟು. ಆದ್ರೆ ಸುತ್ತಾಡ್ಲಿಕ್ಕೆ ಬಂದವರಿಗೆ ಇದೆಲ್ಲ ಯಾಕೆ?” ಅಂತ ಪೆನ್ನು ತೆಗೆದು ಆ ಎರಡು ಕಡೆ ಗೀಟು ಹಾಕಿದರು. ಜಗಳ ಮಾಡಬಹುದಿತ್ತು. ಐನೂರು ರೂಪಾಯಿ ಮೇಜಿನ ಮೇಲಿತ್ತು. ತೆಗೆದುಕೊಂಡು ಬಂದೆ.

ಈಗ ಅದು ಬಣ್ಣದಲ್ಲಿ ಅಚ್ಚಾಗಿದೆ. ಮೇಲ್ಗಡೆ ಕೋಲದ ಚಿತ್ರ, ಅದು ಅಪ್ಪನದೇ. ಹೆಸರು ಹಾಕಿಲ್ಲ, ಕೇಳಿಯೂ ಇರಲಿಲ್ಲ. ಒಂದು ಪ್ರತಿ ಮನೆಗೆ ತಂದಿದ್ದೆ. ಅಮ್ಮ ಸೊನೆಯ ಕಲೆ ತಾಗಬಾರದು ಅಂತ ಕೈಯನ್ನು ಸೆರಗಿಗೆ ಎರಡು ಸಲ ಉಜ್ಜಿ ಅದನ್ನು ಹಿಡಿದುಕೊಂಡಳು. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಕೊನೆಯ ಸಾಲಿಗೆ ಬಂದು, ಹಿಂದೆ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

“ಇಷ್ಟೆಯಾ ಮಗಾ?” ಅಂದಳು.