ಒಣಗೆಸರು ಎತ್ತುವ ಕಾಯಕ



ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ಸೇರುತ್ತಿರುವುದು ಸರ್ವವಿದಿತ. ಆದರೆ ಯಾವುದೇ ಸಂಸ್ಕರಣಾ ಘಟಕದಲ್ಲಿ ನೀರು ತಿಳಿಯಾಗಿ ಮುಂದೆ ಹರಿದ ಮೇಲೆ, ಅದರಿಂದ ಬೇರ್ಪಟ್ಟ ಕೆಸರು ಹಿಂದೆಯೇ ಉಳಿಯುತ್ತದೆ. ಅದನ್ನು ಹಿಂಡಿ ನೀರು ತೆಗೆಯಲು ದೊಡ್ಡ ಘಟಕಗಳಲ್ಲಿ ಯಂತ್ರಗಳಿವೆ. ಅನೇಕ ಚಿಕ್ಕ ಘಟಕಗಳಲ್ಲಿ ಬಿಸಿಲನ್ನೂ ಮನುಷ್ಯನ ಕೈಯನ್ನೂ ನಂಬಬೇಕು.

ಅಲ್ಲಿ ಜಲ್ಲಿಯ ಮೇಲೆ ಮರಳು ಹಾಸಿದ ಪಾತಿಗಳಿರುತ್ತವೆ. ಸುಮಾರು ಒಂದು ಗೇಣು ಎತ್ತರಕ್ಕೆ ಕೆಸರನ್ನು ಹರಿಸಿದರೆ, ನೀರಿನ ಒಂದಂಶ ಮರಳಿನಲ್ಲಿ ಬಸಿದು ತಳದ ಕೊಳವೆಯನ್ನು ಸೇರುತ್ತದೆ. ಇನ್ನೊಂದಂಶ ಬಿಸಿಲಿಗೆ ಆರುತ್ತದೆ. ಒಳ್ಳೆಯ ಬಿಸಿಲಿದ್ದರೆ ಎರಡು ವಾರಗಳಲ್ಲಿ ಕೆಸರು ಬಿರಿದು ಹಕ್ಕಳೆಗಟ್ಟುತ್ತದೆ. ಭಾರವಾದ ಯಂತ್ರ ಇಳಿಸಿದರೆ ಮರಳು ಗಟ್ಟಿಯಾಗಿ, ಕೊಳವೆ ಒಡೆಯುವ ಭಯ. ಆದ್ದರಿಂದ ಸಲಿಕೆ ಹಿಡಿದವರೇ ಇಳಿಯುತ್ತಾರೆ. ಹಸಿಯಿದ್ದರೆ ಕೆಸರು ಸಲಿಕೆಗೆ ಅಂಟುತ್ತದೆ. ಅತಿಯಾಗಿ ಒಣಗಿದರೆ ಧೂಳಾಗಿ ಉಸಿರಿಗೆ ಸೇರುತ್ತದೆ. ಸಲಿಕೆ ಆಳಕ್ಕೆ ಹೋದರೆ ಮರಳೂ ಎದ್ದುಬರುತ್ತದೆ. ಹದವರಿತು ಹಕ್ಕಳೆಯನ್ನಷ್ಟೇ ಎಬ್ಬಿಸಿ, ಬುಟ್ಟಿಗೆ ತುಂಬಿ ಸಾಗಿಸುವುದು ಅನುಭವದಿಂದ ಬರುವ ವಿದ್ಯೆ.

ಒಣಗಿದ ಮಾತ್ರಕ್ಕೆ ಕೆಸರು ನಿರಪಾಯವಾಗದು. ಜಂತುಹುಳುಗಳ ಮೊಟ್ಟೆಗಳು ಅದರಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. 2013ರ ಕಾಯ್ದೆಯು ಮಲಹೊರುವ ಪದ್ಧತಿಯನ್ನು ನಿಷೇಧಿಸಿ, ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಜನರನ್ನು ಹಚ್ಚುವುದನ್ನೂ ಅಪರಾಧವೆಂದಿತು. ಬಯಲಿನಲ್ಲಿರುವ ಪಾತಿ ಗುಂಡಿಯಷ್ಟು ಭೀಕರವಾಗಿ ಕಾಣುವುದಿಲ್ಲ. ಆದ್ದರಿಂದಲೇ ಅಲ್ಲಿ ಬರಿಗಾಲಿನಲ್ಲಿ ನಿಂತವರ ಕಷ್ಟ ಸುಲಭವಾಗಿ ಮರೆತುಹೋಗುತ್ತದೆ.

ಶಿವಭಕ್ತರ ಮನೆಯಂಗಳ ಗುಡಿಸುವುದು ಶರಣೆ ಸತ್ಯಕ್ಕನ ಕಾಯಕವಾಗಿತ್ತೆಂದು ಪರಂಪರೆ ಹೇಳುತ್ತದೆ. ಕಸ ತೆಗೆಯುವ ಕೈ ಕೀಳಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಕಾಯಕವೆಂಬುದು ಮನಸಾರೆ ಒಪ್ಪಿದ ದುಡಿಮೆ. ಹುಟ್ಟಿನ ಕಾರಣದಿಂದಲೋ ಹಸಿವಿನ ಕಾರಣದಿಂದಲೋ ಹೇರಿದ ಕೆಲಸಕ್ಕೆ ಆ ಹೆಸರಿಟ್ಟು ಕೈಮುಗಿದರೆ ಅದು ಗೌರವವಾಗದು, ಸಮಾಜದ ಆತ್ಮವಂಚನೆಯಾದೀತು. ಕೈಗವಸು, ಎತ್ತರದ ಬೂಟು, ಮುಖಗವಸು, ಕೈಕಾಲು ತೊಳೆಯಲು ಸಾಬೂನು ಮತ್ತು ನೀರು, ಧನುರ್ವಾಯುವಿನ ಚುಚ್ಚುಮದ್ದು, ನ್ಯಾಯವಾದ ಕೂಲಿ: ಇವು ದಾನವಲ್ಲ, ದುಡಿಯುವವರಿಗೆ ಸಲ್ಲಬೇಕಾದ ಋಣ. ತಮ್ಮ ಊರಿನ ಘಟಕದಲ್ಲಿ ಇವು ಸಲ್ಲುತ್ತಿವೆಯೇ ಎಂದು ವಿಚಾರಿಸುವುದು ಪ್ರತಿಯೊಬ್ಬ ಸದ್ಭಕ್ತರ ಹೊಣೆ.