ಎದೆಯ ಮೇಲಿನ ಸಾಕ್ಷಿ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹಾದಿಯಲ್ಲಿರುವ ನಮ್ಮ ಹೂಟಗಳ್ಳಿ ಕಾರ್ಖಾನೆಗಳ ಊರು. ಇಲ್ಲಿಯ ದುಡಿಮೆಗಾರರಿಗೆ ಅಪಾಯವೆಂಬುದು ಅಪರಿಚಿತವಲ್ಲ. ಕಾದ ಕಬ್ಬಿಣವು ಕೆಂಪಾಗಿ ಎಚ್ಚರಿಸುತ್ತದೆ. ತಿರುಗುವ ಚಕ್ರವು ಸದ್ದುಮಾಡಿ ನಮ್ಮನ್ನು ದೂರ ನಿಲ್ಲಿಸುತ್ತದೆ. ಆದರೆ ಬಣ್ಣವಾಗಲಿ, ಸದ್ದಾಗಲಿ, ವಾಸನೆಯಾಗಲಿ ಇಲ್ಲದ ಅಪಾಯದೊಡನೆ ದಿನವೂ ಬಾಳುವವರೂ ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ನಡೆಸುವ ತಂತ್ರಜ್ಞರು ಅಂಥವರು.

1895ರಲ್ಲಿ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದಾಗ ಲೋಕವೇ ಬೆರಗಾಯಿತು. ದೇಹವನ್ನು ಕೊಯ್ಯದೆಯೇ ಎಲುಬನ್ನು ನೋಡುವ ವಿದ್ಯೆ ವೈದ್ಯರಿಗೆ ಕೈವಶವಾಯಿತು. ಆದರೆ ಅದರ ಬೆಲೆಯನ್ನು ಮೊದಲು ತೆತ್ತವರು ಆ ವಿದ್ಯೆಯ ಸೇವಕರೇ. ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿಯು ಕಿರಣಗಳನ್ನು ಪರೀಕ್ಷಿಸಲು ತನ್ನ ಕೈಯನ್ನೇ ಒಡ್ಡುತ್ತಿದ್ದನು. ಎದ್ದ ಹುಣ್ಣುಗಳು ಮಾಯಲಿಲ್ಲ. ತೋಳುಗಳನ್ನು ಕತ್ತರಿಸಿದರೂ ಪ್ರಾಣ ಉಳಿಯಲಿಲ್ಲ. 1904ರಲ್ಲಿ ತೀರಿಕೊಂಡಾಗ ಆತನಿಗೆ 39 ವರ್ಷ. ಇಂಥವರ ನೆನಪಿಗಾಗಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1936ರಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದರು.

ಇಂದು ಕಾಲ ಬದಲಾಗಿದೆ. ಸೀಸದ ಮೇಲಂಗಿ, ದಪ್ಪ ಗೋಡೆ, ಉತ್ತಮ ಯಂತ್ರಗಳು ಬಂದಿವೆ. ನೆಲ, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ವಿಕಿರಣದ ನಡುವೆ ದುಡಿಯುವವರಿಗೆ ಇದಲ್ಲದೆ ತಗಲುವ ಪ್ರಮಾಣವು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟನ್ನು ಮೀರಬಾರದೆಂದೂ, ಯಾವುದೇ ಒಂದು ವರ್ಷದಲ್ಲಿ 30ನ್ನು ದಾಟಬಾರದೆಂದೂ ನಮ್ಮ ದೇಶದ ನಿಯಮವಿದೆ.

ಹಾಗಾದರೆ ಭಯವೇ ಇಲ್ಲವೆ? ಬ್ರಿಟನ್ನಿನ ಕ್ಷ-ಕಿರಣ ವೈದ್ಯರ ನೂರು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2001ರಲ್ಲಿ ವರದಿಯೊಂದು ಪ್ರಕಟವಾಯಿತು. 1921ಕ್ಕೆ ಮುಂಚೆ ವೃತ್ತಿಗೆ ಸೇರಿದವರಲ್ಲಿ ಕ್ಯಾನ್ಸರಿನ ಸಾವುಗಳು ಇತರ ವೈದ್ಯರಿಗಿಂತ ಹೆಚ್ಚಾಗಿದ್ದವು. 1954ರ ನಂತರ ಸೇರಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಎಚ್ಚರಿಕೆಯು ಜೀವಗಳನ್ನು ಉಳಿಸಿತೆಂಬುದಕ್ಕೆ ಇದೇ ಪ್ರಮಾಣ. ಆದರೂ ಮೂರು ದೇಶಗಳ ಮೂರು ಲಕ್ಷಕ್ಕೂ ಹೆಚ್ಚು ಅಣುಸ್ಥಾವರ ಕೆಲಸಗಾರರನ್ನು ಕುರಿತ 2015ರ ಅಧ್ಯಯನವು, ವಿಕಿರಣವು ಅಲ್ಪಸ್ವಲ್ಪವಾಗಿ ಕೂಡುತ್ತ ಹೋದಂತೆ ಕ್ಯಾನ್ಸರಿನ ಅಪಾಯವೂ ತುಸು ಏರುವುದೆಂದು ತೋರಿಸಿತು. ಹನಿ ಚಿಕ್ಕದಾದರೂ ಹನಿಗೂಡಿದರೆ ಹಳ್ಳ.

ನಮ್ಮ ಬಡಾವಣೆಯ ತರುಣಿಯೊಬ್ಬಳು ಈ ಕೆಲಸದಲ್ಲಿದ್ದಾಳೆ. ಅವಳ ಎದೆಯ ಮೇಲೆ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದು ಕಿರಣವನ್ನು ತಡೆಯುವ ಕವಚವಲ್ಲ. ತಗಲಿದ್ದೆಷ್ಟೆಂದು ಹೇಳುವ ಸಾಕ್ಷಿ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ತನ್ನ ಲೆಕ್ಕವನ್ನು ಒಪ್ಪಿಸುತ್ತದೆ. ಅದನ್ನು ಮೊಳೆಗೆ ತೂಗುಹಾಕಿ ಕೆಲಸಮಾಡಿದರೆ ಅದು ಗೋಡೆಯ ಲೆಕ್ಕವನ್ನು ಹೇಳೀತೇ ಹೊರತು ಮನುಷ್ಯರದನ್ನಲ್ಲ.

"ನಿನಗೆ ಭಯವಾಗುವುದಿಲ್ಲವೇನಮ್ಮ?" ಎಂದು ನಾನೊಮ್ಮೆ ಕೇಳಿದೆ.

"ಗೋಡೆಯ ಹಿಂದೆ ನಿಂತರೆ ಭಯವಿಲ್ಲ, ಮೇಷ್ಟ್ರೇ. ಅಳುವ ಮಗುವನ್ನು ಹಿಡಿದುಕೊಳ್ಳಲು ಯಾರೂ ಮುಂದೆ ಬಾರದಿದ್ದಾಗ ಮಾತ್ರ ಮನಸ್ಸು ಹೊಯ್ದಾಡುತ್ತದೆ. ಒಂದು ಸಲ ತಾನೆ, ನೀವೇ ಹಿಡಿದುಕೊಳ್ಳಿ ಎನ್ನುತ್ತಾರೆ. ಆ ಮಗುವಿಗೆ ಅದು ಒಂದು ಸಲ. ನನಗೆ ದಿನಕ್ಕೊಂದು ಸಲ."

ಆ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ಮಗುವನ್ನು ಹಿಡಿಯಬೇಕಾದಾಗ ಸೀಸದ ಮೇಲಂಗಿಯನ್ನು ತೊಟ್ಟು ಮನೆಯವರೇ ಹಿಡಿಯುವುದು ಸರಿಯಾದ ಕ್ರಮ. ಕಿರಣದ ಮುಂದೆ ಕಳೆಯುವ ಕಾಲವನ್ನು ಕಡಿಮೆಮಾಡುವುದು, ಅದರಿಂದ ದೂರ ನಿಲ್ಲುವುದು, ನಡುವೆ ತಡೆಯನ್ನು ಇರಿಸುವುದು: ರಕ್ಷಣೆಯ ಸೂತ್ರಗಳು ಇವು ಮೂರೇ. ದೂರವನ್ನು ಇಮ್ಮಡಿಸಿದರೆ ತಗಲುವ ವಿಕಿರಣವು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇವನ್ನು ಪಾಲಿಸಲು ತಂತ್ರಜ್ಞರ ಜಾಣ್ಮೆಯೊಂದೇ ಸಾಲದು. ಆಸ್ಪತ್ರೆಯನ್ನು ನಡೆಸುವವರ ಶ್ರದ್ಧೆಯೂ ಸರದಿಯಲ್ಲಿ ಕುಳಿತ ನಮ್ಮ ತಾಳ್ಮೆಯೂ ಬೇಕು. ವೈದ್ಯರು ಬೇಡವೆಂದಾಗಲೂ ಚಿತ್ರ ತೆಗೆಸಲೇಬೇಕೆಂದು ಹಟಹಿಡಿಯುವುದು ತರವಲ್ಲ.

ನಮ್ಮ ದೇಹದ ಒಳಗನ್ನು ನಮಗೆ ತೋರಿಸಿಕೊಡುವವರ ದೇಹವೂ ನಮ್ಮದರಂತೆಯೇ ರಕ್ತಮಾಂಸಗಳದು. ರೋಗಿಗೆ ಕ್ಷಣಮಾತ್ರದ ಸಂಗತಿಯಾದುದು ಅವರಿಗೆ ಜೀವಮಾನದ ಸಂಗತಿ.