ಮಂತ್ರಕ್ಕೂ ಬೆಲೆಯುಂಟು

ಮಂತ್ರವಿದ್ದ ನಾಡಿನಲ್ಲಿ ಬಡತನವಿರದೆಂಬುದು ಅಜ್ಜಿಯ ಕತೆ ಕೇಳಿ ಬೆಳೆದವರ ನಂಬಿಕೆ. ಅಮೆರಿಕದ ಕೀತ್ ಬೇಕರ್ ಕಲ್ಪಿಸಿ, 2004ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಪಾತ್ರಾಭಿನಯದ ಆಟಕ್ಕಾಗಿ ಪ್ರಕಟವಾದ ‘ಎಬೆರಾನ್’ ಲೋಕ ಅದನ್ನು ಅಲುಗಿಸುತ್ತದೆ. ಅಲ್ಲಿ ಬೀದಿಯ ದೀಪ ಉರಿಯುವುದೂ ಮಂತ್ರದಿಂದ, ರೈಲು ಓಡುವುದೂ ಮಂತ್ರದಿಂದ. ಆದರೆ ಆ ಸಂಪತ್ತಿನ ಬೀಗದ ಕೈ, ಮೈಮೇಲೆ ವಂಶದ ಚಿಹ್ನೆ ಹೊತ್ತ ಕೆಲವೇ ಮನೆತನಗಳಲ್ಲಿದೆ. ಜೊರಾಸ್ಕೋ ಮನೆತನ ರೋಗವನ್ನು ಗುಣಪಡಿಸಬಲ್ಲುದು, ಹಣ ತೆತ್ತವರಿಗೆ. ಯುದ್ಧಕ್ಕೆಂದೇ ನಿರ್ಮಿತರಾದ ‘ವಾರ್‌ಫೋರ್ಜ್ಡ್’ ಯೋಧರಿಗೆ ಶಾಂತಿಯ ಒಪ್ಪಂದ ಸ್ವಾತಂತ್ರ್ಯವನ್ನಿತ್ತಿತು. ಬದುಕುವ ಬಗೆಯನ್ನು ಕಲಿಸಲಿಲ್ಲ.

ಆಟದ ನಡುವೆ ಚಿಕಿತ್ಸಾಲಯದ ಬಾಗಿಲಿಗೆ ಬಡ ತಾಯಿಯೊಬ್ಬಳು ಕೂಸನ್ನೆತ್ತಿಕೊಂಡು ಬರಿಗೈಯಲ್ಲಿ ಬಂದಳೆನ್ನೋಣ. ಮಂತ್ರ ಫಲಿಸುವುದೇ ಇಲ್ಲವೇ ಎಂಬುದನ್ನು ದಾಳ ಹೇಳೀತು. ಅವಳನ್ನು ಒಳಗೆ ಕರೆಯಬೇಕೇ ಎಂಬುದನ್ನು ಮಾತ್ರ ಆಡುವವನ ಎದೆಯೇ ಹೇಳಬೇಕು.